ಹಂಡೆಯ ಒಳಮೈ

ದೀಪಾವಳಿಯ ನರಕ ಚತುರ್ದಶಿಗೆ ಹಿಂದಿನ ಸಂಜೆಯನ್ನು ನೀರು ತುಂಬುವ ಹಬ್ಬವೆಂದು ಆಚರಿಸುವ ನಮ್ಮ ಕಡೆಯ ಮನೆಗಳಲ್ಲಿ ಬಚ್ಚಲಿನ ತಾಮ್ರದ ಹಂಡೆಗೆ ಆ ಒಂದು ದಿನ ಸಲ್ಲುವ ಮರ್ಯಾದೆಯನ್ನು ಕಂಡರೆ ದೇವರ ಜಗುಲಿಯ ಮೂರ್ತಿಗಳಿಗೂ ತುಸು ಅಸೂಯೆ ಹುಟ್ಟಬೇಕು. ಹುಣಸೆಹಣ್ಣು, ಬೂದಿಗಳಿಂದ ಮೈ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆಗಳನ್ನೆಳೆದು, ಕೊರಳಿಗೆ ಹಿಂಡಲಕಾಯಿಯ ಬಳ್ಳಿಯನ್ನು ಸುತ್ತಿ, ಅರಿಶಿನ ಕುಂಕುಮವನ್ನೇರಿಸಿ, ಹೊಸ ನೀರು ತುಂಬಿ ಪೂಜಿಸುವ ಈ ಷೋಡಶೋಪಚಾರಗಳೆಲ್ಲವೂ ಹೊರಮೈಗೆ ಸಲ್ಲತಕ್ಕವು. ಒಳಗೆ ಇಣುಕಿ ನೋಡಬೇಕೆಂಬ ವಿಧಿಯನ್ನು ಯಾವ ಶಾಸ್ತ್ರಕಾರನೂ ಬರೆದಂತಿಲ್ಲ. ಕೊರಳು ಕಿರಿದು, ಹೊಟ್ಟೆ ದೊಡ್ಡದು, ಒಳಗೆ ಕತ್ತಲು. ಬೆಳಗಾದರೆ ಬಿಸಿನೀರು ಕೊಡುತ್ತಿದ್ದರೆ ಸಾಕೆಂದು ಗೃಹಸ್ಥರು ಅದರ ಅಂತರಂಗದ ಗೊಡವೆಗೆ ಹೋಗುವುದಿಲ್ಲ.

ಲಿಂಗಸುಗೂರಿನ ಹಂಡೆಗಳ ಅಂತರಂಗವಾದರೋ ವಿಶೇಷವಾದದ್ದು. ತಾಲ್ಲೂಕಿನ ಉತ್ತರದಂಚಿನಲ್ಲಿ ಕೃಷ್ಣೆ ಹರಿಯುತ್ತಾಳೆ. ನೆರೆಯ ಸಿಂಧನೂರಿನ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದಿದೆ. ಆದರೂ ನಮ್ಮ ಓಣಿಯ ಬಚ್ಚಲುಗಳಿಗೆ ಆಧಾರವಾಗಿ ಬಂದದ್ದು ಬಾವಿಯ ನೀರು, ಬೋರಿನ ನೀರು. ಅದು ಸವಳು. ಅದರಲ್ಲಿ ಸಬಕಾರ ನೊರೆ ಕೊಡುವುದಿಲ್ಲ, ತೊಗರಿಬೇಳೆ ಬೇಗ ಬೇಯುವುದಿಲ್ಲ, ತೊಳೆದಿಟ್ಟ ಚರಿಗೆಯ ಮೇಲೆ ಒಣಗಿದ ಹನಿಯೊಂದೊಂದೂ ಬಿಳಿಯ ಮುದ್ರೆಯನ್ನೊತ್ತಿ ಹೋಗುತ್ತದೆ. ಇದಕ್ಕೆ ಕಾರಣವನ್ನು ಕಾಣಬೇಕಾದರೆ ಎರೆ ಹೊಲದಲ್ಲಿ ನಾಲ್ಕು ಹೆಜ್ಜೆ ನಡೆದರಾಯಿತು. ಕರಿಯ ಮಣ್ಣಿನ ನಡುನಡುವೆ ಬೆಳ್ಳಗೆ ಸುಣ್ಣದ ಹರಳುಗಳು ಕಾಲಿಗೆ ತಾಕುತ್ತವೆ. ಮಳೆಯ ನೀರು ಮಣ್ಣೊಳಗಿನ ಇಂಗಾಲಾಮ್ಲ ಅನಿಲವನ್ನು ಹೀರಿಕೊಂಡು, ಆ ಹುಳಿಯ ಬಲದಿಂದ ಸುಣ್ಣವನ್ನು ಕರಗಿಸಿಕೊಂಡು ಆಳಕ್ಕಿಳಿಯುತ್ತದೆ. ಅದೇ ನೀರನ್ನು ನಾವು ಮೇಲೆತ್ತಿ, ಹಂಡೆಗೆ ಹೊಯ್ದು, ಕೆಳಗೆ ಹತ್ತಿಕಟ್ಟಿಗೆಯ ಉರಿ ಹಾಕಿದೊಡನೆ ಅನಿಲವು ಹಾರಿಹೋಗಿ, ನೀರಲ್ಲಿ ಕರಗಿದ್ದ ಕಲ್ಲು ಮರಳಿ ಕಲ್ಲಾಗಿ ತಾಮ್ರವನ್ನು ಅಪ್ಪಿಕೊಳ್ಳುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗಿರಲೆಂದೂ, ಬೇರೆ ನೀರೇ ಸಿಕ್ಕದಲ್ಲಿ 600ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಸಂಸ್ಥೆಯ ನಿಯಮ. ಆ ಕೊನೆಯ ಮೇರೆಯ ನೀರನ್ನು 50 ಲೀಟರಿನ ಹಂಡೆಗೆ ತುಂಬಿದರೆ ಅದರಲ್ಲಿ 30 ಗ್ರಾಂ ಸುಣ್ಣದಕಲ್ಲು ಅಡಗಿರುವ ಲೆಕ್ಕವಾಯಿತು. ಅದೆಲ್ಲವೂ ಅಂಟುವುದಿಲ್ಲ, ನಿಜ. ಆದರೆ ಹಂಡೆಯಾದರೂ ಒಂದು ದಿನ ಕಾದು ಬಿಡುವ ಪಾತ್ರೆಯೆ? ನಾವು ಹಬ್ಬದ ದಿನ ಹೊರಗೆ ಭಕ್ತಿಯಿಂದ ಎಳೆಯುವ ಸುಣ್ಣದ ಪಟ್ಟೆಯನ್ನು ನೀರು ದಿನದಿನವೂ ಒಳಗೆ, ಯಾರ ಅಪ್ಪಣೆಯನ್ನೂ ಕೇಳದೆ, ಬಳಿಯುತ್ತಲೇ ಇರುತ್ತದೆ.

“ತಮ್ಮಾ, ಹಬ್ಬ ಬಂತು, ಹಂಡೆದ ಮೈಯಷ್ಟು ಬೆಳಗಿಕೊಡು, ಸಾಕು” ಎಂದಷ್ಟೇ ಅವ್ವ ನನಗೆ ಹೇಳಿದ್ದು. ಹುಣಸೆಹಣ್ಣು ತಾಮ್ರದ ಕಿಲುಬಿನ ಮೇಲೆ ತೋರುವ ಪ್ರತಾಪ ನೋಡುವಂಥದು: ಉಪ್ಪು ಬೆರೆಸಿ ಒಮ್ಮೆ ಕೈಯಾಡಿಸಿದರೆ ಕಪ್ಪು ಕರಗಿ ಕೆಂಪು ಹೊಳೆಯುತ್ತದೆ. ಹೀಗೆ ಸುಲಭವಾಗಿ ಯಶಸ್ಸು ಕೊಡುವ ಕೆಲಸದಲ್ಲಿ ಮನುಷ್ಯನಿಗೆ ತನ್ನ ಸಾಮರ್ಥ್ಯದ ವಿಷಯದಲ್ಲಿ ಭ್ರಮೆ ಹುಟ್ಟುವುದು ಸಹಜ. ಅಂಚನ್ನು ತಿಕ್ಕುತ್ತಿದ್ದ ಬೆರಳು ಒಳಕ್ಕೆ ಜಾರಿ, ಬೂದುಬಿಳುಪಿನ ಒರಟು ಪೊರೆಯೊಂದರ ತುದಿಯನ್ನು ಮೀಟಿತು. ಅಂಗೈಯಗಲದ ಚಕ್ಕೆಯೊಂದು ಹಪ್ಪಳದಂತೆ ಸಿಡಿದು ತಳಕ್ಕೆ ಬಿದ್ದು ಟಣ್ಣೆಂದಿತು. ಅದು ಬಿಟ್ಟುಹೋದ ಜಾಗದಲ್ಲಿ ನಸುಗೆಂಪು ತಾಮ್ರ ಕಂಡಿತು. ಅಲ್ಲಿಯತನಕ ಆ ಒಳಮೈ ಕೊಳೆಯಾಗಿದೆಯೆಂದು ಯಾರೂ ಅಂದಿರಲಿಲ್ಲ. ಎಲ್ಲವೂ ಒಂದೇ ಬಣ್ಣದ್ದಾಗಿದ್ದುದರಿಂದ ಹಂಡೆಯ ಒಳಗೆಂದರೆ ಹೀಗೆಯೇ ಇರತಕ್ಕದ್ದೆಂದು ಮನೆಮಂದಿಯೆಲ್ಲ ನಂಬಿದ್ದೆವು. ಅಂಗೈಯಷ್ಟು ಜಾಗ ಶುಚಿಯಾದದ್ದೇ ತಡ, ಮಿಕ್ಕುದೆಲ್ಲವೂ ಅಶುಚಿಯಾಯಿತು.

ಒಳಗೆ ಹುಣಸೆಹಣ್ಣಿನ ಆಟ ನಡೆಯಲಿಲ್ಲ. ಅದರ ಹುಳಿಗೂ ಸುಣ್ಣಕ್ಕೂ ಕೂಡಿ ಹುಟ್ಟುವ ಲವಣ ನೀರಿನಲ್ಲಿ ಸುಲಭವಾಗಿ ಕರಗತಕ್ಕದ್ದಲ್ಲವಾದ್ದರಿಂದ, ಅದು ಮತ್ತೊಂದು ಪೊರೆಯಾಗಿ ಕುಳಿತು ಹಳೆಯ ಪೊರೆಯನ್ನೇ ಕಾಯುತ್ತದೆ. ಲಿಂಬೆಯ ರಸವೇ ಇಲ್ಲಿಗೆ ತಕ್ಕುದು. ಅದನ್ನು ಹಿಂಡಿದ ಕಡೆ ಕಿವಿಯಿಟ್ಟರೆ ಸರ್ರೆಂಬ ಸಣ್ಣ ದನಿ. ಕಲ್ಲಿನೊಳಗೆ ಸೆರೆಯಾಗಿದ್ದ ಅನಿಲ ಗುಳ್ಳೆಗುಳ್ಳೆಯಾಗಿ ಏಳುತ್ತಿರುತ್ತದೆ. ಈ ದನಿಯನ್ನು ಒಮ್ಮೆ ಕೇಳಿದವನು ಕೆಲಸವನ್ನು ಅರ್ಧಕ್ಕೆ ಬಿಟ್ಟೇಳುವುದು ಕಷ್ಟ. ಹಂಡೆಯನ್ನು ಅಂಗಳಕ್ಕೆ ಉರುಳಿಸಿ, ಬಾಯಿಯನ್ನು ಬಿಸಿಲಿಗೆ ತಿರುಗಿಸಿ, ಭುಜದವರೆಗೆ ತೋಳಿಳಿಸಿ, ಕಾಣದ ತಳವನ್ನು ಬೆರಳಿನಿಂದಲೇ ನೋಡುತ್ತ ನಾನು ತಿಕ್ಕಿದೆ. ಊಟಕ್ಕೆ ಕರೆದದ್ದು ಕೇಳಿಸಿತ್ತು; ಕೇಳಿಸದಂತಿದ್ದೆ. ಚಕ್ಕೆಯ ಮುರಿದ ಅಂಚಿನಲ್ಲಿ ಪದರಗಳು ಎದ್ದು ಕಾಣುತ್ತಿದ್ದವು: ಒಂದು ಬಿಳಿ, ಒಂದು ಕಂದು, ಮತ್ತೆ ದಪ್ಪನಾದ ಬಿಳಿ. ಕಂದಿನ ಗೆರೆಗಳು ನಮ್ಮ ಬೋರು ಬತ್ತಿ ಬೇರೆಡೆಯ ನೀರು ತಂದ ಬೇಸಿಗೆಗಳಿರಬಹುದೆಂದು ನಾನು ಊಹಿಸಿದೆ. ಊಹೆಗೆ ಆಧಾರ ಕೇಳಬಾರದು. ಹಂಡೆಯೊಳಗೆ ತಲೆಯಿಟ್ಟವನಿಗೆ ಚರಿತ್ರಕಾರನಾಗುವ ಆಸೆ ತಾನಾಗಿ ಬರುತ್ತದೆ.

ಈ ಸೀಮೆಯಲ್ಲಿ ಅಂಥ ಆಸೆಗೆ ಪ್ರಚೋದನೆಯೂ ಉಂಟಷ್ಟೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ನಿಜಾಮರ ಸೀಮೆಯಲ್ಲಿ ಚಿನ್ನದ ಜಾಡನ್ನರಸುತ್ತ ಮಸ್ಕಿಗೆ ಬಂದವನು ಬಂಡೆಯೊಂದರ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡ. ಅಲ್ಲಿಯವರೆಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಲೇ ಶಾಸನಗಳಲ್ಲಿ ಪರಿಚಿತನಾಗಿದ್ದ ಚಕ್ರವರ್ತಿಯ ಸ್ವಂತ ಹೆಸರು, ಅಶೋಕನೆಂಬುದು, ಅಲ್ಲಿ ಕೊರೆದಿತ್ತು. ನನ್ನ ಹಂಡೆಯ ತಳದಲ್ಲಿ ಸಿಕ್ಕದ್ದು ಒಂದು ಸೀಗೆಕಾಯಿಯ ಬೀಜ ಮತ್ತು ಅಕ್ಕನ ಬಾಲ್ಯದ ಗಾಜಿನ ಬಳೆಯ ಚೂರು. ಎರಡೂ ಸುಣ್ಣದ ಕವಚ ತೊಟ್ಟು ಹರಳುಗಳಾಗಿದ್ದವು. ಅವನ್ನು ತೊಳೆದು ಗೂಡಿನಲ್ಲಿಟ್ಟೆ.

ಹಂಡೆ ಮುಗಿದ ಮೇಲೆ ಕೈ ಸುಮ್ಮನಿರಲಿಲ್ಲ. ಬಚ್ಚಲಿನ ನಳದ ಮೂತಿಗೆ ಲಿಂಬೆಯ ಸಿಪ್ಪೆ ಕಟ್ಟಿದೆ. ಚರಿಗೆ, ಕೊಡ, ಬಚ್ಚಲ ಕಲ್ಲು ಒಂದನ್ನೂ ಬಿಡಲಿಲ್ಲ. ಉಪ್ಪಿನಕಾಯಿಗೆಂದು ತಂದಿಟ್ಟ ಲಿಂಬೆಹಣ್ಣಿನ ಬುಟ್ಟಿ ಬರಿದಾದುದನ್ನು ಕಂಡ ಅವ್ವ, “ಮೈ ಬೆಳಗು ಅಂದ್ರ ಹಂಡೆದ ಹೊಟ್ಟಿ ಬಗದು ಕುಂತೀಯಲ್ಲೋ! ಒಳಗ ಯಾರು ನೋಡ್ತಾರ?” ಎಂದಳು. ಒಳಗೆ ಕುಳಿತ ಕಲ್ಲು ಉರಿಯ ಶಾಖವನ್ನು ತಡೆಯುತ್ತದೆ, ಇನ್ನು ಮೇಲೆ ಕಟ್ಟಿಗೆ ಉಳಿಯುತ್ತದೆ ಎಂದು ನಾನು ಶಾಸ್ತ್ರಾಧಾರ ಸಹಿತವಾಗಿ ವಾದಿಸಿದೆ. ಮಾತು ನಿಜವೇ, ಆದರೆ ನಾನು ತಿಕ್ಕಿದ್ದು ಕಟ್ಟಿಗೆಯ ಉಳಿತಾಯಕ್ಕಲ್ಲವೆಂಬುದನ್ನು ಅವ್ವ ನನ್ನ ಮುಖದಲ್ಲೇ ಓದಿದ್ದಳು.

ಮರುದಿನ ಎದುರುಮನೆಯ ದೊಡ್ಡಮ್ಮ ನೀರು ಕಾಯಿಸುವ ಕಾಯಿಲನ್ನು ಹಿಡಿದು ಬಂದರು. ಅದರ ಸುರುಳಿಗಳ ಸಂದು ಸಂದುಗಳಲ್ಲಿ ಬಿಳಿಯ ಕಲ್ಲು ಇಡಿಕಿರಿದಿತ್ತು. “ನಿನ್ನ ಮಗಾ ಹೆಂಗೂ ತಿಕ್ಕಾಕತ್ತಾನಂತಲ್ಲವ್ವಾ, ಇದನೂ ಒಂದೀಟು ನೋಡಲಿ” ಎಂದು ಅವ್ವನಿಗೆ ಹೇಳಿ, ಸೆರಗಿನ ಗಂಟಿನಿಂದ ಎರಡು ಲಿಂಬೆಹಣ್ಣು ತೆಗೆದು ಕಟ್ಟೆಯ ಮೇಲಿಟ್ಟರು. ಆ ಕಾಯಿಲಿಗೆ ಎರಡು ಎಲ್ಲಿ ಸಾಕು? ಇನ್ನೂ ನಾಲ್ಕು ಬೇಕಾದಾವು ಎಂದೆ.