ಮನೆಯ ಕ್ರಯ: ಆರು ಅಂಗಗಳು ಮತ್ತು ಏಳನೆಯ ಮಧ್ಯವರ್ತಿ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಧರ್ಮಶಾಸ್ತ್ರದ ಇತಿಹಾಸದಲ್ಲಿ ದಾಯವಿಭಾಗದ ಚರ್ಚೆಗಾಗಿ ಪ್ರಸಿದ್ಧವಾಗಿದೆ. ಅದೇ ಗ್ರಂಥದಲ್ಲಿ ಸ್ಥಿರಾಸ್ತಿಯ ಕೊಡುಕೊಳ್ಳುವಿಕೆಯನ್ನು ಕುರಿತು ಸೂಕ್ಷ್ಮವಾದ ವಿವೇಚನೆಯೊಂದಿದೆ. ನೆಲವು ಒಬ್ಬರಿಂದ ಇನ್ನೊಬ್ಬರಿಗೆ ಸಲ್ಲುವುದು ಆರರಿಂದ ಎಂಬ ಹಳೆಯ ಸ್ಮೃತಿವಚನವನ್ನು ಅಲ್ಲಿ ಆತ ಎತ್ತಿಕೊಳ್ಳುತ್ತಾನೆ. ಗ್ರಾಮದ ಅನುಮತಿ, ಜ್ಞಾತಿಗಳ ಅನುಮತಿ, ಸಾಮಂತರ ಅನುಮತಿ, ದಾಯಾದರ ಅನುಮತಿ, ಹಿರಣ್ಯ ಮತ್ತು ಉದಕ ಎಂಬುವು ಆ ಆರು. ಇಲ್ಲಿ ಸಾಮಂತ ಎಂದರೆ ಮಾಂಡಲಿಕನಲ್ಲ, ಸೀಮೆಗೆ ಹೊಂದಿದ ನೆರೆಯವನು ಎಂಬುದನ್ನು ಶಾಸನಗಳ ವಿದ್ಯಾರ್ಥಿಗಳು ಗಮನಿಸಬೇಕು.

ವಿಜ್ಞಾನೇಶ್ವರನ ಹಿರಿಮೆಯಿರುವುದು ಈ ಪಟ್ಟಿಯಲ್ಲಲ್ಲ, ಪ್ರತಿಯೊಂದಕ್ಕೂ ಆತ ಕೊಡುವ ಕಾರಣದಲ್ಲಿ. ಗ್ರಾಮದ ಅನುಮತಿ ವ್ಯವಹಾರವು ಬಹಿರಂಗವಾಗಲೆಂದು. ಅದಿಲ್ಲದ ಮಾತ್ರಕ್ಕೆ ವ್ಯವಹಾರವು ಅಸಿದ್ಧವಾಗುವುದಿಲ್ಲ. ನೆರೆಯವರ ಅನುಮತಿ ಎಲ್ಲೆಯ ವಿವಾದವನ್ನು ನಿವಾರಿಸಲೆಂದು. ಜ್ಞಾತಿ ದಾಯಾದರ ಅನುಮತಿ, ಅವರು ವಿಭಕ್ತರೋ ಅವಿಭಕ್ತರೋ ಎಂಬ ಸಂಶಯವು ಮುಂದೆ ತಲೆಯೆತ್ತದಿರಲೆಂದು. ಚಿನ್ನದೊಡನೆ ನೀರನ್ನೂ ಎರೆಯುವುದು, ಸ್ಥಿರಾಸ್ತಿಯ ಮಾರಾಟವನ್ನು ಮೆಚ್ಚದ ಸಂಪ್ರದಾಯವು ಅದಕ್ಕೆ ದಾನದ ರೂಪವನ್ನು ತೊಡಿಸಲೆಂದು. ಮಾರಾಟದ ಬಗೆಗೆ ಮುಂದೆ ಹುಟ್ಟಬಹುದಾದ ಒಂದೊಂದು ಜಗಳಕ್ಕೂ ಒಂದೊಂದು ಬಾಗಿಲನ್ನು ಮೊದಲೇ ಮುಚ್ಚಿಡುವ ವ್ಯವಸ್ಥೆ ಇದು. ಕನ್ನಡ ಶಾಸನಗಳಲ್ಲಿ ಭೂಮಿಯ ಚತುಸ್ಸೀಮೆಯನ್ನು ಕಲ್ಲು, ಕೆರೆ, ದಾರಿ, ಮರಗಳ ಹೆಸರು ಹಿಡಿದು ಹೇಳುವುದು, ಸಾಕ್ಷಿಗಳನ್ನು ಹೆಸರಿಸುವುದು, ಕೊನೆಗೆ ಬರೆದ ಸೇನಬೋವನು ತನ್ನ ಹೆಸರನ್ನೂ ಸೇರಿಸುವುದು ಇದೇ ಮನೋಧರ್ಮದಿಂದ.

ಆದರೆ ಈ ಆರರಲ್ಲಿ ಇಂದಿನ ಮನೆ ವ್ಯವಹಾರದ ಬಹುಮುಖ್ಯ ವ್ಯಕ್ತಿಯೊಬ್ಬನಿಲ್ಲ. ಮಾರುವವನನ್ನೂ ಕೊಳ್ಳುವವನನ್ನೂ ಒಂದೆಡೆ ಸೇರಿಸುವ ಮಧ್ಯವರ್ತಿ, ಅಂದರೆ ದಲ್ಲಾಳಿ, ಅದರಲ್ಲಿ ಕಾಣಿಸುವುದಿಲ್ಲ. ಇಂದಿನ ಕ್ರಯಪತ್ರಗಳಲ್ಲಿಯೂ ಸಾಮಾನ್ಯವಾಗಿ ಅವನ ಹೆಸರಿರುವುದಿಲ್ಲ. ಎಲ್ಲರಿಗಿಂತ ಹೆಚ್ಚು ಮಾತನಾಡಿದವನು ಬರಹದಲ್ಲಿ ಎಲ್ಲಿಯೂ ಇಲ್ಲವೆಂಬ ಈ ಸಂಗತಿಯ ಅರ್ಥವು ಮೈಸೂರಿನ ನಿವೃತ್ತ ಅಧ್ಯಾಪಕ ದಂಪತಿಗಳ ಅನುಭವದಿಂದ ಸ್ಪಷ್ಟವಾಗುತ್ತದೆ. ಪತಿ ಕನ್ನಡವನ್ನೂ ಪತ್ನಿ ಗಣಿತವನ್ನೂ ಬೋಧಿಸಿದವರು. ಮೂವತ್ತು ವರ್ಷಗಳಿಗೂ ಮಿಕ್ಕಿ ಬಾಡಿಗೆ ಮನೆಗಳಲ್ಲಿದ್ದು, ನಿವೃತ್ತಿಯ ಹಣದಿಂದ ಸ್ವಂತದ್ದೊಂದನ್ನು ಕೊಳ್ಳಲು ಹೊರಟಿದ್ದರು. ತಪ್ಪಿದರೆ ಮತ್ತೆ ಕೂಡಿಸುವ ವಯಸ್ಸು ಅವರದಾಗಿರಲಿಲ್ಲ.

ಪರಿಚಿತರ ಮೂಲಕ ದೊರೆತ ಮಧ್ಯವರ್ತಿಯು ಕೆಟ್ಟವನಾಗಿರಲಿಲ್ಲ. ಯಾವ ಬೀದಿಯಲ್ಲಿ ಯಾವ ಮನೆ ಮಾರಾಟಕ್ಕಿದೆ, ಯಾವುದು ಎಷ್ಟು ತಿಂಗಳಿಂದ ಹಾಗೆಯೇ ಉಳಿದಿದೆ, ಯಾವ ಬಡಾವಣೆಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂಬುದೆಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಈ ತಿಳಿವಳಿಕೆಗೆ ಬೆಲೆಯಿದೆ. ಆದರೆ ಗಣಿತದ ಅಧ್ಯಾಪಕಿ ಮೊದಲ ದಿನವೇ ಅವನ ಲೆಕ್ಕವನ್ನು ಹಾಕಿ ನೋಡಿದರು. 90 ಲಕ್ಷದ ಮನೆಗೆ ಎರಡೂ ಕಡೆಯಿಂದ ಶೇಕಡಾ 1ರಂತೆ ಅವನಿಗೆ ದೊರೆಯುವುದು 1,80,000 ರೂಪಾಯಿ. ಚೌಕಾಸಿಯಿಂದ ಬೆಲೆ 5 ಲಕ್ಷ ಇಳಿದರೆ ಕೊಳ್ಳುವವರಿಗೆ 5 ಲಕ್ಷ ಉಳಿಯುತ್ತದೆ, ಅವನಿಗೆ 10,000 ಕಡಿಮೆಯಾಗುತ್ತದೆ. ವ್ಯವಹಾರವೇ ಮುರಿದರೆ ಅವನ ಕೈಗೆ ಏನೂ ಬರುವುದಿಲ್ಲ. ಆದ್ದರಿಂದ ಅವನಿಗೆ ಮುಖ್ಯವಾದುದು ಬೆಲೆಯಲ್ಲ, ವ್ಯವಹಾರವು ಮುಗಿಯುವುದು. ಇದು ಅವನ ಸ್ವಭಾವದ ದೋಷವಲ್ಲ, ಅವನ ಸಂಬಳದ ರೀತಿ. ಇದನ್ನು ತಿಳಿದು ಅವನ ಮಾತನ್ನು ಕೇಳಿದರೆ ಅವನ ಮೇಲೆ ಸಿಟ್ಟೂ ಬರುವುದಿಲ್ಲ, ಅತಿಯಾದ ನಂಬಿಕೆಯೂ ಹುಟ್ಟುವುದಿಲ್ಲ.

ಅವನು ತೋರಿಸಿದ ಮೊದಲನೆಯ ಮನೆ ನಗರದ ಹೊರವಲಯದಲ್ಲಿತ್ತು. ಹೊಸದು, ವಿಶಾಲವಾದದ್ದು, ಪೂರ್ವಕ್ಕೆ ಬಾಗಿಲು, ಬೆಲೆಯೂ ಕಡಿಮೆ. ಆದರೆ ಅದು ಕೃಷಿಭೂಮಿಯನ್ನು ಪರಿವರ್ತಿಸದೆಯೇ ವಿಂಗಡಿಸಿ ಮಾರಿದ ಕಂದಾಯ ನಿವೇಶನದಲ್ಲಿ ಕಟ್ಟಿದ ಮನೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣವು ಕೃಷಿಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಲು ಅನುಮತಿ ಬೇಕೆನ್ನುತ್ತದೆ. ಆ ಆದೇಶದ ಪ್ರತಿ ಕಡತದಲ್ಲಿರಲಿಲ್ಲ. ‘ಮುಂದೆ ಎಲ್ಲಾ ಸಕ್ರಮ ಆಗುತ್ತೆ ಸಾರ್, ಹಣ ಕೈಲಿಟ್ಟುಕೊಂಡು ಬರೋರಿಗೆ ಬ್ಯಾಂಕಿನ ಗೊಡವೆ ಯಾಕೆ?’ ಎಂದ ಮಧ್ಯವರ್ತಿ. ಸಾಲ ಬೇಡದಿದ್ದರೂ ದಂಪತಿಗಳು ಬ್ಯಾಂಕೊಂದರಲ್ಲಿ ವಿಚಾರಿಸಿದರು. ಅಂತಹ ನಿವೇಶನಕ್ಕೆ ಸಾಲವಿಲ್ಲವೆಂಬ ಉತ್ತರ ಬಂದಿತು. ಸಾಲ ಕೊಡಲೊಲ್ಲದ ಬ್ಯಾಂಕು ಆ ಕಾಗದಗಳನ್ನು ಓದಿ ಒಂದು ಅಭಿಪ್ರಾಯಕ್ಕೆ ಬಂದಿದೆ, ಅದಕ್ಕೂ ಒಂದು ಬೆಲೆಯಿದೆ ಎಂದು ಅಧ್ಯಾಪಕಿ ಆ ಮನೆಯನ್ನು ಬಿಟ್ಟರು.

ಎರಡನೆಯ ಮನೆಯನ್ನು ಬಿಡುವುದು ಅಷ್ಟು ಸುಲಭವಾಗಿರಲಿಲ್ಲ. ಅದು ಹಳೆಯ ಬಡಾವಣೆಯೊಂದರ ಹೆಂಚಿನ ಮನೆ. ಗಾಳಿ ಬೆಳಕು ತುಂಬಿದ ನಡುಮನೆ, ಪುಸ್ತಕಗಳಿಗೆ ಹೇಳಿ ಮಾಡಿಸಿದಂತಹ ಕೋಣೆ, ಹಿತ್ತಲಿನಲ್ಲಿ ಒಂದು ಬಾವಿ. ನಿವೇಶನವು ಮಂಜೂರಾದ ದಾಖಲೆ, ಕಂದಾಯ ರಸೀತಿ, ಖಾತೆ ಎಲ್ಲವೂ ಇದ್ದವು. ಋಣಭಾರ ಪ್ರಮಾಣಪತ್ರವು ನಮೂನೆ 16ರಲ್ಲಿ, ಅಂದರೆ ಯಾವ ನೋಂದಾಯಿತ ಋಣವೂ ಇಲ್ಲವೆಂದು ಬಂದಿತ್ತು. ಮಧ್ಯವರ್ತಿ ಅದನ್ನು ಗೆದ್ದ ಪತಾಕೆಯಂತೆ ಹಿಡಿದು ತೋರಿಸಿದ.

ಹಳೆಯ ಬರಹಗಳನ್ನು ಓದಿ ಪಳಗಿದವರಿಗೆ ಒಂದು ಅಭ್ಯಾಸವಿರುತ್ತದೆ. ಬರಹವು ಏನನ್ನು ಹೇಳುತ್ತದೆಂಬುದರ ಜೊತೆಗೆ, ಏನನ್ನು ಹೇಳುವ ಶಕ್ತಿ ಅದಕ್ಕಿಲ್ಲವೆಂಬುದನ್ನೂ ಅವರು ಕೇಳುತ್ತಾರೆ. ಋಣಭಾರ ಪ್ರಮಾಣಪತ್ರವು ನೋಂದಾಯಿತ ವ್ಯವಹಾರಗಳನ್ನು ಮಾತ್ರ ಹೇಳಬಲ್ಲುದು. ಮಾತಿನಲ್ಲಿ ಆದ ಪಾಲು, ನೋಂದಾಯಿಸದ ಕರಾರು, ವಾರಸುದಾರರ ಸಂಖ್ಯೆ ಇವು ಅದರಲ್ಲಿ ಕಾಣುವುದಿಲ್ಲ. ಮೂಲಪತ್ರಗಳನ್ನು ಒತ್ತೆಯಿಟ್ಟು ತಂದ ಸಾಲವೂ ನೋಂದಾಯಿಸದಿದ್ದರೆ ಕಾಣುವುದಿಲ್ಲ. ಮೂಲಪತ್ರಗಳನ್ನೇ ಕಣ್ಣಾರೆ ನೋಡಬೇಕೆಂದು ವಕೀಲರು ಹಟ ಹಿಡಿಯುವುದು ಇದಕ್ಕಾಗಿ. ಇಲ್ಲಿ ಮೂಲಪತ್ರಗಳಿದ್ದವು. ಮನೆಯನ್ನು ಕಟ್ಟಿಸಿದ ತಂದೆ ಮರಣಶಾಸನ ಬರೆಯದೆ ತೀರಿಕೊಂಡಿದ್ದರು, ತಾಯಿ ಅದಕ್ಕೂ ಮೊದಲೇ ಇಲ್ಲವಾಗಿದ್ದರು. ಮೂವರು ಗಂಡುಮಕ್ಕಳು ತಮ್ಮೊಳಗೆ ಬರೆದುಕೊಂಡ ಪಾಲುಪಟ್ಟಿಯ ಆಧಾರದಿಂದ ಮಾರಲು ಹೊರಟಿದ್ದರು. ನೆರೆಮನೆಯ ವೃದ್ಧೆಯೊಬ್ಬರು ಮಾತಿನ ನಡುವೆ, ಆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳೂ ಬೆಳೆದವರೆಂದು ಹೇಳಿದರು. ಸಾಮಂತರನ್ನು ಕೇಳಬೇಕೆಂಬ ಸ್ಮೃತಿಯ ಮಾತು ಎಲ್ಲೆಯ ವಿಷಯಕ್ಕೆ ಹೇಳಿದ್ದಾದರೂ, ಇಲ್ಲಿ ಅದು ಬೇರೆ ಬಗೆಯಲ್ಲಿ ಫಲಿಸಿತು.

‘ಮದುವೆಯಾಗಿ ಹೋದೋರು ಸಾರ್, ಆಗಲೇ ಚಿನ್ನ ಬೆಳ್ಳಿ ಎಲ್ಲಾ ಕೊಟ್ಟಾಗಿದೆ. ಅವರೇನೂ ಕೇಳೋದಿಲ್ಲ,’ ಎಂಬುದು ಮಧ್ಯವರ್ತಿಯ ಸಮಾಧಾನ. ವಿಜ್ಞಾನೇಶ್ವರನ ಕಾಲದಲ್ಲಿ ಈ ಮಾತು ಬಹುಮಟ್ಟಿಗೆ ಸಲ್ಲುತ್ತಿತ್ತು. ಗಂಡುಮಕ್ಕಳಿರುವಾಗ ಮದುವೆಯಾದ ಮಗಳು ದಾಯಾದರ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಆ ಸಾಲನ್ನು ಬದಲಿಸಿತು. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು ಬಂದಿತು. ಆದರೂ ವಾಸದ ಮನೆಯ ಮಟ್ಟಿಗೆ, ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳುವವರೆಗೆ ಹೆಣ್ಣುಮಕ್ಕಳು ವಿಭಾಗವನ್ನು ಕೇಳುವಂತಿಲ್ಲವೆಂಬ ತಡೆಯೊಂದು 23ನೆಯ ಪ್ರಕರಣದಲ್ಲಿ ಉಳಿದಿತ್ತು. 2005ರ ತಿದ್ದುಪಡಿಯು ಅದನ್ನೂ ತೆಗೆದುಹಾಕಿತು. ಹಾಗಾಗಿ ಈ ಮನೆಗೆ ಒಡೆಯರು ಮೂವರಲ್ಲ, ಐವರು. ಮೂವರೇ ಬರೆದುಕೊಟ್ಟರೆ ಸಲ್ಲುವುದು ಐದರಲ್ಲಿ ಮೂರು ಪಾಲು; ಹಣ ಮಾತ್ರ ಇಡೀ ಮನೆಯದು.

ಮಧ್ಯವರ್ತಿ ಒಂದು ಉಪಾಯವನ್ನು ಸೂಚಿಸಿದ. ಮುಂದೆ ತಕರಾರು ಬಂದರೆ ಅಣ್ಣತಮ್ಮಂದಿರೇ ನಷ್ಟವನ್ನು ತುಂಬಿಕೊಡುವುದಾಗಿ ಕ್ರಯಪತ್ರದಲ್ಲಿ ಒಂದು ಷರತ್ತನ್ನು ಸೇರಿಸುವುದು. ‘ತುಂಬಿಕೊಡುವ ಹೊತ್ತಿಗೆ ಅವರ ಹತ್ತಿರ ಹಣ ಉಳಿದಿರಬೇಕಲ್ಲ?’ ಎಂದರು ಅಧ್ಯಾಪಕಿ. ಅಂದಿನಿಂದ ಅವರು ಒಂದು ನೋಟ್‌ಬುಕ್ ಇಟ್ಟರು. ಮಧ್ಯವರ್ತಿ ಹೇಳಿದ ಪ್ರತಿಯೊಂದನ್ನೂ ದಿನಾಂಕದೊಡನೆ ಬರೆದುಕೊಂಡು, ಹೊರಡುವ ಮೊದಲು ಅವನಿಗೇ ಓದಿ ಹೇಳುತ್ತಿದ್ದರು. ಅವನ ವ್ಯಾಕರಣವೇ ಬದಲಾಯಿತು. ‘ಇದೆ’ ಎಂಬಲ್ಲಿ ‘ಇದೆಯಂತೆ’ ಬಂದಿತು, ‘ಆಗುತ್ತೆ’ ಎಂಬಲ್ಲಿ ‘ಆಗಬಹುದು ಅಂತಾರೆ’ ಬಂದಿತು. ಕಂಡದ್ದಕ್ಕೂ ಕೇಳಿದ್ದಕ್ಕೂ ಕನ್ನಡವು ಇಟ್ಟಿರುವ ಈ ಭೇದವನ್ನು ತರಗತಿಯಲ್ಲಿ ದಶಕಗಳ ಕಾಲ ಪಾಠ ಹೇಳಿದ ಅಧ್ಯಾಪಕರಿಗೆ, ಅದರ ಬೆಲೆ ಲಕ್ಷಗಳಲ್ಲಿ ತಿಳಿದದ್ದು ಆಗಲೇ.

ನೆರೆಯವರಿಂದ ಸಂಖ್ಯೆಯನ್ನು ಪಡೆದು ಅಧ್ಯಾಪಕರು ಹಿರಿಯ ಮಗಳಿಗೆ ದೂರವಾಣಿ ಮಾಡಿದರು. ಮಾರಾಟದ ಸುದ್ದಿ ಆಕೆಗೆ ತಿಳಿದಿರಲಿಲ್ಲ. ಸ್ವಲ್ಪ ಹೊತ್ತು ಮಾತಿಲ್ಲದೆ ಇದ್ದ ಆಕೆ, ‘ಹಿತ್ತಲ ಬಾವೀಲಿ ಈಗಲೂ ನೀರಿದೆಯಾ?’ ಎಂದು ಕೇಳಿದರು. ಇದೆಯೆಂದು ಅಧ್ಯಾಪಕರು ಹೇಳಿದರು. ತಮ್ಮ ಪಾಲನ್ನು ಕೊಟ್ಟರೆ ಸಹಿ ಹಾಕಲು ಅಭ್ಯಂತರವಿಲ್ಲ, ಕೇಳದೆ ಮಾರಿದರೆ ಒಪ್ಪುವುದಿಲ್ಲ ಎಂಬುದು ಆಕೆಯ ಉತ್ತರ. ಸಹೋದರರು ಸಿಟ್ಟಾದರು, ಮಧ್ಯವರ್ತಿ ಅವರಿಗಿಂತ ಹೆಚ್ಚು ಸಿಟ್ಟಾದ. ಕೊಳ್ಳುವವರು ಕುಟುಂಬದ ಒಳಗೆ ಕೈಹಾಕಬಾರದಿತ್ತೆಂಬುದು ಅವನ ಆಕ್ಷೇಪ. ಆದರೆ ಒಂದು ಕುಟುಂಬದ ಮನೆಯನ್ನು ಕೊಳ್ಳುವವನು ಆ ಕುಟುಂಬದ ಒಳಗೆ ಆಗಲೇ ಕಾಲಿಟ್ಟಿರುತ್ತಾನೆ. ಅಲ್ಲಿ ಯಾರನ್ನು ಕಂಡೂ ಕಾಣದಂತಿರಬೇಕೆಂಬುದಷ್ಟೇ ಉಳಿದ ಪ್ರಶ್ನೆ. ಗೊತ್ತಿದ್ದೂ ಸುಮ್ಮನಿದ್ದು ಕೊಂಡಿದ್ದರೆ ಕಡಿಮೆ ಬೆಲೆಯ ಲಾಭದಲ್ಲಿ ಇಬ್ಬರು ಹೆಣ್ಣುಮಕ್ಕಳ ಪಾಲೂ ಸೇರಿರುತ್ತಿತ್ತು. ಆ ಮನೆ ಕೈತಪ್ಪಿತು. ಅಧ್ಯಾಪಕರು ಆ ಪುಸ್ತಕದ ಕೋಣೆಯನ್ನು ಬಹಳ ದಿನ ನೆನೆದರು.

ಮಧ್ಯವರ್ತಿಗಳ ಹೊಣೆಯನ್ನು ಕಾನೂನು ಸ್ವಲ್ಪಮಟ್ಟಿಗೆ ಗುರುತಿಸಿದೆ. 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಅಧಿನಿಯಮ, ಜನರ ಬಾಯಲ್ಲಿ ‘ರೇರಾ’, ನೋಂದಣಿಗೆ ಒಳಪಡುವ ಯೋಜನೆಗಳ ಮನೆ ನಿವೇಶನಗಳನ್ನು ಮಾರಿಸುವ ಮಧ್ಯವರ್ತಿಯು ತಾನೂ ನೋಂದಾಯಿಸಿಕೊಳ್ಳಬೇಕೆಂದು 9ನೆಯ ಪ್ರಕರಣದಲ್ಲಿ ವಿಧಿಸುತ್ತದೆ. ಅವನು ಲೆಕ್ಕಪತ್ರಗಳನ್ನು ಇಡಬೇಕು, ಸುಳ್ಳು ವಿವರ ಕೊಡಬಾರದು ಎಂದು 10ನೆಯದು ಹೇಳುತ್ತದೆ. ಆದರೆ ಒಬ್ಬರ ಹಳೆಯ ಮನೆಯನ್ನು ಇನ್ನೊಬ್ಬರು ಕೊಳ್ಳುವಾಗ ನಡುವೆ ನಿಲ್ಲುವವನು ಸಾಮಾನ್ಯವಾಗಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಕೊಳ್ಳುವವರು ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟು: ಇವನು ಯಾರ ಪರ? ಎರಡೂ ಕಡೆಯಿಂದ ಹಣ ಪಡೆಯುವವನು ಎರಡೂ ಕಡೆಯವನಲ್ಲ, ವ್ಯವಹಾರದ ಕಡೆಯವನು.

ಎರಡು ತಿಂಗಳು ಸುಳಿಯದಿದ್ದ ಮಧ್ಯವರ್ತಿ ಒಂದು ದಿನ ಮತ್ತೆ ಬಂದ. ಈ ಸಲ ಅವನ ಕೈಯಲ್ಲಿ ಬೀಗದ ಕೈ ಇರಲಿಲ್ಲ, ಕಡತವಿತ್ತು. ‘ಮೊದಲು ಇದನ್ನ ಓದಿ ಮೇಷ್ಟ್ರೇ. ಸರಿಯಿದ್ದರೆ ಮನೆ ನೋಡೋಣ,’ ಎಂದ. ಮೂಲ ಹಂಚಿಕೆಪತ್ರದಿಂದ ಹಿಡಿದು ಎರಡು ಕ್ರಯಪತ್ರಗಳು, 30 ವರ್ಷಗಳ ಋಣಭಾರ ಪ್ರಮಾಣಪತ್ರ, ಅನುಮೋದಿತ ನಕ್ಷೆ, ವಂಶವೃಕ್ಷ ಎಲ್ಲವೂ ಅದರಲ್ಲಿದ್ದವು. 30–40ರ ನಿವೇಶನದಲ್ಲಿದ್ದ ಆ ಮನೆ ಕಣ್ಣಿಗೆ ಅಷ್ಟೇನೂ ಹಿಡಿಸುವಂತಿರಲಿಲ್ಲ. ಪಶ್ಚಿಮದ ಬಿಸಿಲು, ಇಕ್ಕಟ್ಟಾದ ಅಡುಗೆಮನೆ. ದಂಪತಿಗಳು ಅದನ್ನು ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ, ಜೋರುಮಳೆಯ ಮರುದಿನ ಇನ್ನೊಮ್ಮೆ ನೋಡಿದರು. ಹೊಸದಾಗಿ ಸುಣ್ಣ ಬಳಿದ ಗೋಡೆಯೊಂದರ ತೇವವು ಮೂರನೆಯ ಸಲ ಕಂಡಿತು. ‘ಅದು ನನಗೆ ಮೊದಲೇ ಗೊತ್ತಿತ್ತು, ಹೇಳಬೇಕಿತ್ತು,’ ಎಂದು ಮಧ್ಯವರ್ತಿ ತಾನಾಗಿ ಒಪ್ಪಿದ. ಅದರ ದುರಸ್ತಿಯ ಖರ್ಚು ಬೆಲೆಯಲ್ಲಿ ಇಳಿಯಿತು. ಚಕ್ಕುಬಂದಿಯನ್ನು ನೆರೆಯವರ ಎದುರಿನಲ್ಲಿ ಟೇಪು ಹಿಡಿದು ಅಳೆದರು.

100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟವು ನೋಂದಾಯಿತ ಪತ್ರದಿಂದಲೇ ಆಗಬೇಕೆಂಬುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಪ್ರಕರಣದ ನಿಯಮ. ಗ್ರಾಮವೆಲ್ಲ ತಿಳಿಯಲೆಂದು ಹಿಂದೆ ಮಾಡುತ್ತಿದ್ದುದನ್ನು ಇಂದು ಉಪನೋಂದಣಾಧಿಕಾರಿಯ ಕಚೇರಿ ಮಾಡುತ್ತದೆ. ಕ್ರಯಪತ್ರದ ಕರಡನ್ನು ಅಧ್ಯಾಪಕರು ಶಾಸನವನ್ನು ಓದುವಂತೆ ಅಕ್ಷರ ಬಿಡದೆ ಓದಿದರು. ಸಾಕ್ಷಿಗಳ ಜಾಗದಲ್ಲಿ ಒಂದು ಹೆಸರು ಇನ್ನೂ ಖಾಲಿಯಿತ್ತು. ಅಲ್ಲಿ ಸಹಿ ಹಾಕಬೇಕೆಂದು ಅವರು ಮಧ್ಯವರ್ತಿಯನ್ನು ಕೇಳಿದರು. ಇಷ್ಟು ವರ್ಷಗಳಲ್ಲಿ ಯಾರೂ ತನ್ನನ್ನು ಹಾಗೆ ಕೇಳಿದ್ದಿಲ್ಲವೆಂದು ಅವನು ಹಿಂಜರಿದ. ಆಮೇಲೆ ಚಕ್ಕುಬಂದಿಯ ಪುಟವನ್ನು ಇನ್ನೊಮ್ಮೆ ತಾನೇ ಓದಿ ನೋಡಿ, ತನ್ನ ಹೆಸರು, ತಂದೆಯ ಹೆಸರು, ವಿಳಾಸಗಳನ್ನು ಬರೆದು ಸಹಿ ಹಾಕಿದ.