ವಿಮಾನ ಮಸುಕಾಗಿರುವ ಫೋಟೋ

ಹೋದ ಸಂಚಿಕೆಯಲ್ಲಿ ಕೆಲವರು ಅಂಚೆಚೀಟಿ ಕೂಡಿಡುವುದು, ಕೋಳಿ ಸಾಕುವುದು ಅಂತ ತಮ್ಮ ಹವ್ಯಾಸ ಬರೆದಿದ್ದರು. ನನ್ನ ಹವ್ಯಾಸ ರಿಮೋಟ್ ವಿಮಾನ ಹಾರುವಾಗ ಅದರ ಫೋಟೋ ತೆಗೆಯುವುದು. ವಿಮಾನ ನನ್ನದಲ್ಲ, ಮಾವನದು. ಕ್ಯಾಮೆರಾನೂ ನನ್ನದಲ್ಲ, ಚಿಕ್ಕಪ್ಪನದು. ಫೋಟೋ ಮಾತ್ರ ನನ್ನದು.

ನನಗೆ ಈ ಹುಚ್ಚು ಹಿಡಿದದ್ದು 2023ರ ದಸರಾದಲ್ಲಿ. ಮೈಸೂರಿನ ಬನ್ನಿಮಂಟಪದಲ್ಲಿ ವಾಯುಪಡೆಯ ಸೂರ್ಯಕಿರಣ ತಂಡದವರು ಹಾಕ್ ವಿಮಾನಗಳನ್ನು ಹಾರಿಸಿದರು. ಅಪ್ಪನ ಮೊಬೈಲಿನಲ್ಲಿ ನಲವತ್ತು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಮೂವತ್ತೆಂಟರಲ್ಲಿ ಬರೀ ಆಕಾಶ. ಒಂದರಲ್ಲಿ ಹೊಗೆ ಇತ್ತು. ಇನ್ನೊಂದರಲ್ಲಿ ಮುಂದೆ ನಿಂತಿದ್ದವರ ತಲೆ ಇತ್ತು.

ನನ್ನ ಸೋದರಮಾವ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾರೆ. ಅವರೇ ಫೋಮ್ ಶೀಟು ಕತ್ತರಿಸಿ, ಮೋಟಾರು ಬ್ಯಾಟರಿ ಕೂರಿಸಿ ವಿಮಾನ ಮಾಡಿದ್ದಾರೆ. ನಂಜನಗೂಡು ರಸ್ತೆಯಲ್ಲಿ ಮಂಡಕಳ್ಳಿ ವಿಮಾನ ನಿಲ್ದಾಣ ಇರುವುದರಿಂದ ಆ ಕಡೆ ಇಂಥದ್ದನ್ನು ಹಾರಿಸಬಾರದಂತೆ. ಟಿ. ನರಸೀಪುರದ ಸಂಗಮದಲ್ಲಿ ಹಾರಿಸೋಣ ಮಾವ ಅಂದೆ. ಸ್ನಾನಕ್ಕೆ ಬಂದ ಜನದ ತಲೆ ಮೇಲೆ ಬಿದ್ದರೆ ಏನ್ಲಾ ಗತಿ ಅಂದರು. ಅದಕ್ಕೆ ಭತ್ತ ಕೊಯ್ದ ಮೇಲೆ ನಮ್ಮ ಕೂಳೆ ಗದ್ದೆಯಲ್ಲೇ ಹಾರಿಸುತ್ತೇವೆ.

ಟಿ. ನರಸೀಪುರದ ಕಡೆ ಮದುವೆ ಫೋಟೋ ತೆಗೆಯುವ ಚಿಕ್ಕಪ್ಪ ತಮ್ಮ ಹಳೇ ಕ್ಯಾಮೆರಾವನ್ನು ಭಾನುವಾರ ಮಾತ್ರ ಕೊಡುತ್ತಾರೆ. “ನನಗಾದ್ರೆ ಹೆಣ್ಣು ಗಂಡು ನಿಂತ್ಕತಾರೆ ಕಣ್ಲಾ, ನಿಂಗೆ ಇಮಾನ ನಿಂತ್ಕತದಾ?” ಅಂತ ನಗುತ್ತಾರೆ.

ನಿಲ್ಲುವುದಿಲ್ಲ. ಲೆಕ್ಕ ಮಾಡಿ ನೋಡಿ. ವಿಮಾನ ಗಂಟೆಗೆ 50 ಕಿಲೋಮೀಟರ್ ಹೋದರೆ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಆಯಿತು. ಕ್ಯಾಮೆರಾದ ಕಣ್ಣು ತೆರೆದು ಮುಚ್ಚುವುದಕ್ಕೆ ಷಟರ್ ಅನ್ನುತ್ತಾರೆ. ಅದು ಸೆಕೆಂಡಿನ 60ರಲ್ಲಿ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲೇ ವಿಮಾನ 23 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಸಾವಿರದಲ್ಲಿ ಒಂದು ಭಾಗ ಇಟ್ಟರೆ ಒಂದೂವರೆ ಸೆಂಟಿಮೀಟರ್ ಕೂಡ ಹೋಗುವುದಿಲ್ಲ. ಹಾಗಾದರೆ ಇನ್ನೂ ಕಮ್ಮಿ ಇಡೋಣ ಅಂತ 4000ದಲ್ಲಿ ಒಂದು ಇಟ್ಟೆ. ಮೂತಿಯ ಫ್ಯಾನು ತಿರುಗದೆ ನಿಂತ ಹಾಗೆ ಬಂತು. ಅವ್ವ ನೋಡಿ “ಇದ್ಯಾಕ್ಲಾ ಕೆಟ್ಟು ಬೀಳ್ತಾ ಅದೆ?” ಅಂದಳು. ಫ್ಯಾನು ತಿರುಗಿದಂತೆಯೂ ಕಾಣಬೇಕು, ವಿಮಾನ ಸ್ಪಷ್ಟವಾಗಿಯೂ ಇರಬೇಕು. ಅದಕ್ಕೆ 250ರಲ್ಲಿ ಒಂದು ಇಟ್ಟುಕೊಂಡು, ವಿಮಾನದ ಜೊತೆಗೇ ಕ್ಯಾಮೆರಾನೂ ತಿರುಗಿಸಬೇಕು.

ಅದನ್ನು ನನಗೆ ಕಲಿಸಿದ್ದು ತಾತ. ತಾತ ಕ್ಯಾಮೆರಾ ಮುಟ್ಟಿದವರಲ್ಲ. ಜೋಳದ ಹೊಲದಲ್ಲಿ ಗಿಳಿ ಓಡಿಸಲು ಕವಣೆ ಬೀಸುತ್ತಿದ್ದವರು. “ಕಲ್ಲು ಬುಟ್ಮೇಲೂ ಕೈ ನಿಲ್ಲಿಸ್ಬೇಡ, ಬೀಸ್ತಾ ಇರು” ಅಂದರು. ನಾನು ಗುಂಡಿ ಒತ್ತಿದ ತಕ್ಷಣ ಕೈ ನಿಲ್ಲಿಸುತ್ತಿದ್ದೆ, ಅದೇ ತಪ್ಪು. ಆಮೇಲೆ ರಸ್ತೆ ಪಕ್ಕ ನಿಂತು ಟಿ. ನರಸೀಪುರದ ಬಸ್ಸಿನ ಮೇಲೆ ಅಭ್ಯಾಸ ಮಾಡಿದೆ. ಪಾದವನ್ನು ಬಸ್ಸು ಹೋಗುವ ಕಡೆಗೆ ಇಟ್ಟು, ಸೊಂಟವನ್ನು ಬಸ್ಸು ಬರುವ ಕಡೆಗೆ ತಿರುಗಿಸಿ, ಜೊತೆಯಲ್ಲೇ ತಿರುಗುತ್ತಾ ಬರಬೇಕು. ಒಂದು ತಿಂಗಳಾದ ಮೇಲೆ ಬಸ್ಸಿನ ಬೋರ್ಡು ಓದುವ ಹಾಗೆ ಬಂತು. ಹಿಂದಿನ ಮರಗಳು ಮಾತ್ರ ಗೆರೆ ಎಳೆದ ಹಾಗೆ ಬಂದಿದ್ದವು. ಕಂಡಕ್ಟರು ನಾನು ಕೈ ತೋರಿಸಿದೆ ಅಂದುಕೊಂಡು ಎರಡು ಸಲ ಬಸ್ಸು ನಿಲ್ಲಿಸಿ ಬೈದರು.

ನಮ್ಮ ವಿಜ್ಞಾನದ ಮೇಷ್ಟ್ರು ಒಂದು ವಿಷಯ ಹೇಳಿದರು. 1878ರಲ್ಲಿ ಅಮೆರಿಕಾದಲ್ಲಿ ಮೈಬ್ರಿಜ್ ಎಂಬುವರು ಹನ್ನೆರಡು ಕ್ಯಾಮೆರಾ ಸಾಲಾಗಿಟ್ಟು ಓಡುವ ಕುದುರೆಯ ಫೋಟೋ ತೆಗೆದರಂತೆ. ನಾಲ್ಕು ಕಾಲೂ ನೆಲ ಬಿಡುವುದು ಕಾಲು ಚಾಚಿದಾಗ ಅಲ್ಲ, ಹೊಟ್ಟೆ ಕೆಳಗೆ ಮಡಿಸಿದಾಗ ಅಂತ ಗೊತ್ತಾಯಿತಂತೆ. ಕಣ್ಣಿಗೆ ಕಾಣದ್ದು ಫೋಟೋದಲ್ಲಿ ಸಿಕ್ಕಿಬೀಳುತ್ತದೆ ಅಂದರು. ಆಗ ನನಗೆ ಅದು ಅಷ್ಟಾಗಿ ಅರ್ಥವಾಗಲಿಲ್ಲ.

ಸುತ್ತೂರು ಜಾತ್ರೆ ಮುಗಿದ ಮೇಲೆ ಒಂದು ಭಾನುವಾರ ಸಾಯಂಕಾಲ ಮಾವ ವಿಮಾನ ಹಾರಿಸುತ್ತಿದ್ದರು. ನಾನು ಬದುವಿನ ಬಾಂದು ಕಲ್ಲಿನ ಮೇಲೆ ನಿಂತಿದ್ದೆ. ತಂಗಿ ನಾಲೆ ಏರಿ ಮೇಲೆ ಅವ್ವನ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಳು. ವಿಮಾನ ತುಂಬಾ ಚಿಕ್ಕದಾಗಿ ಬರುತ್ತಿತ್ತು. ನಾನು “ಇನ್ನೂ ಕೆಳಗೆ ಮಾವ” ಅಂತ ಕೂಗಿದೆ. ಅವರು ಇಳಿಸಿದರು. “ಇನ್ನೂ ಕೆಳಗೆ” ಅಂದೆ. “ಸಾಕು ಕಣೋ ಅಳಿಮಯ್ಯ” ಅಂದರು. “ಒಂದೇ ಒಂದು ಸಲ” ಅಂದೆ. ವಿಮಾನ ತಿರುಗುವಾಗ ರೆಕ್ಕೆ ವಾಲಿ, ಮೂತಿ ಕೆಳಗಾಗಿ, ಪಕ್ಕದವರ ಕಬ್ಬಿನ ಗದ್ದೆಯೊಳಗೆ ಹೋಯಿತು. ಸದ್ದೂ ಬರಲಿಲ್ಲ.

ಒಂದೂವರೆ ಎಕರೆ ಕಬ್ಬು, ನಮ್ಮ ತಲೆಗಿಂತ ಎತ್ತರ. ಕತ್ತಲಾಗುವವರೆಗೆ ಹುಡುಕಿದೆವು, ಕೈಯೆಲ್ಲ ಗರಿ ಕುಯ್ದು ಉರಿ. ಗದ್ದೆಯವರು ಬಂದು “ಕಬ್ಬು ಮುರ್ದ್ರೆ ಯಾರಪ್ಪ ಕೊಟ್ಟಾರು?” ಅಂದರು. ಅವರು ಹೇಳಿದ್ದೂ ಸರಿಯೇ. ಮಾವ ಆ ವಿಮಾನವನ್ನು ಮಂಗಳವಾರ ಕಾಲೇಜಿನಲ್ಲಿ ತೋರಿಸಬೇಕಿತ್ತು.

ರಾತ್ರಿ ಊಟ ಸೇರಲಿಲ್ಲ. ಮಸುಕಾದ ಫೋಟೋ ಅಳಿಸುವುದು ನನ್ನ ಅಭ್ಯಾಸ. ಕೂತು ಅಳಿಸುತ್ತಾ ಬಂದೆ. ಕೊನೆಗೆ ಎರಡು ಉಳಿದವು. ಕಡೇದರಲ್ಲಿ ವಿಮಾನ ಬಿಳಿ ಗೀಟಿನ ಹಾಗೆ ಕಬ್ಬಿನ ಮೇಲೆ ಇತ್ತು. ಭಯಕ್ಕೆ ನನ್ನ ಕೈ ನಿಂತುಹೋಗಿತ್ತು, ಅದಕ್ಕೇ ಹಿಂದಿನ ಸೊಟ್ಟ ತೆಂಗಿನಮರ ಸ್ಪಷ್ಟವಾಗಿ ಬಂದಿತ್ತು. ಗೀಟು ಸರಿಯಾಗಿ ಆ ಮರದ ಬುಡದ ಹತ್ತಿರ ಇತ್ತು. ಹಾಗಾದರೆ ಬಾಂದು ಕಲ್ಲಿನಿಂದ ಆ ಮರಕ್ಕೆ ಗೆರೆ ಎಳೆದರೆ ವಿಮಾನ ಆ ಗೆರೆಯ ಮೇಲೇ ಇರಬೇಕು. ಆದರೆ ಗೆರೆಯ ಮೇಲೆ ಎಲ್ಲಿ? ತಂಗಿಯ ವಿಡಿಯೋ ನೋಡಿದೆ. ಅವಳದರಲ್ಲಿ ವಿಮಾನ ಟ್ರಾನ್ಸ್‌ಫಾರ್ಮರ್ ಕಂಬದ ನೇರಕ್ಕೆ ಮುಳುಗಿತ್ತು. ಎರಡು ಗೆರೆ ಕೂಡುವ ಕಡೆ ಒಂದೇ ಬಿಂದು. ಗಣಿತದ ಮೇಷ್ಟ್ರು ಹೇಳಿದಾಗ ನಾನು ಕಿಟಕಿ ಕಡೆ ನೋಡುತ್ತಿದ್ದೆ, ಆದರೂ ನೆನಪಿತ್ತು.

ಬೆಳಿಗ್ಗೆ ಮಾವ ಗದ್ದೆಯವರನ್ನು ಕೇಳಿಕೊಂಡು, ಬಿದಿರು ಗಳುವಿಗೆ ಕೆಂಪು ಟವೆಲ್ ಕಟ್ಟಿ ಎತ್ತಿ ಹಿಡಿದು, ಸಾಲಿನ ನಡುವೆ ಹೋದರು. ನಾನು ಕಲ್ಲಿನ ಮೇಲಿಂದ ಎಡಕ್ಕೆ ಬಲಕ್ಕೆ ಅಂತ ಕೂಗಿದೆ, ತಂಗಿ ಏರಿಯಿಂದ ಕೂಗಿದಳು. ಇಬ್ಬರೂ “ಸರಿ” ಅಂದ ಜಾಗದಿಂದ ಆರೇಳು ಹೆಜ್ಜೆಯಲ್ಲಿ ವಿಮಾನ ಸಿಕ್ಕಿತು. ಒಂದು ರೆಕ್ಕೆ ಮುರಿದಿತ್ತು, ಮೋಟಾರು ಚೆನ್ನಾಗಿತ್ತು. ರೆಕ್ಕೆ ಅಂಟಿಸಿಕೊಂಡು ಮೈಸೂರಿಗೆ ಹೋದರು.

ಹೇಗೆ ಬಿತ್ತು ಅಂತ ಅವ್ವ ಕೇಳಿದಾಗ, ಗದ್ದೆಯವರು ಕೇಳಿದಾಗ, ಮಾವ “ಗಾಳಿ ಹೊಡೀತು” ಅಂದರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಆ ಫೋಟೋ ಇಲ್ಲಿ ಕೆಳಗೆ ಅಂಟಿಸಿದ್ದೇನೆ. ವಿಮಾನ ಮಸುಕಾಗಿದೆ, ಕ್ಷಮಿಸಿ. ತೆಂಗಿನಮರ ನೋಡಿ. ಗರಿಗಳೆಲ್ಲ ಸುಮ್ಮನೆ ಕೆಳಕ್ಕೆ ಜೋತುಬಿದ್ದಿವೆ. ಅವತ್ತು ಗಾಳಿ ಇರಲೇ ಇಲ್ಲ.

– ಏಳನೇ ತರಗತಿ