ಬಾಲ ಮೂಡಿದ ತಾರೆಗಳು

ಇಶಾ ನಮಾಝಿನ ಬಳಿಕ ತಾರಸಿಯಲ್ಲಿ ದೂರದರ್ಶಕವನ್ನಿಟ್ಟು ಕೃತ್ತಿಕಾ ಪುಂಜದ ಚಿತ್ರ ತೆಗೆದಿದ್ದೆವು. ಅರಬಿಯಲ್ಲಿ ಅದರ ಹೆಸರು ಸುರಯ್ಯಾ. ನಮ್ಮ ಮನೆಗಳ ಹೆಣ್ಣುಮಕ್ಕಳ ಹೆಸರೂ ಅದೇ. ಚಿತ್ರದ ನಡುವಿನ ತಾರೆಗಳು ಸಾಸಿವೆಯಂತೆ ದುಂಡಗಿದ್ದವು. ಅಂಚಿನವುಗಳಿಗೆ ಧೂಮಕೇತುವಿನಂತೆ ಬಾಲ. ಸ್ಟ್ಯಾಂಡನ್ನು ಅಲುಗಿಸಿದೆಯೆಂದು ವಿದ್ಯಾರ್ಥಿಯೊಬ್ಬನನ್ನು ಎಲ್ಲರೆದುರು ಗದರಿದೆವು.

ಮರುದಿನ ಆತ ಚಿತ್ರವನ್ನು ಮುಂದಿಟ್ಟು ಮೆಲ್ಲನೆ ಕೇಳಿದ: "ಉಸ್ತಾದ್, ಅಲುಗಿದ್ದರೆ ಬಾಲಗಳೆಲ್ಲ ಒಂದೇ ದಿಕ್ಕಿಗಿರಬೇಕಲ್ಲವೇ?"

ಅವು ಚಿತ್ರದ ಕೇಂದ್ರದಿಂದ ನಾಲ್ಕೂ ಕಡೆಗೆ ಹೊರಮುಖವಾಗಿ ಚಾಚಿದ್ದವು. ನಮ್ಮಲ್ಲಿ ಉತ್ತರವಿರಲಿಲ್ಲ.

ಹುಡುಕಿದಾಗ ತಿಳಿಯಿತು, ಅದು ಕನ್ನಡಿಯ ಸ್ವಭಾವ. ನ್ಯೂಟನ್ ಮಾದರಿಯ ದೂರದರ್ಶಕದ ಪರವಲಯ ಕನ್ನಡಿಯು ಅಕ್ಷಕ್ಕೆ ಸಮಾನಾಂತರವಾಗಿ ಬಂದ ಕಿರಣಗಳನ್ನಷ್ಟೇ ಒಂದು ಬಿಂದುವಿನಲ್ಲಿ ಕೂಡಿಸುತ್ತದೆ. ಓರೆಯಾಗಿ ಬಂದವು ಚದುರುತ್ತವೆ. ಈ ದೋಷಕ್ಕೆ ಕೋಮಾ ಎಂದು ಹೆಸರು. ಕ್ಯಾಮೆರಾದ ಮುಂದೆ ಕೋಮಾ ಕರೆಕ್ಟರ್ ಎಂಬ ಮಸೂರ ಜೋಡಣೆಯನ್ನು ಕೂರಿಸಿದೆವು. ಅದಕ್ಕೂ ಸೆನ್ಸರಿಗೂ ನಡುವೆ 55 ಮಿ.ಮೀ. ಅಂತರವಿರಬೇಕಿತ್ತು: ನಮ್ಮ ಕ್ಯಾಮೆರಾದೊಳಗೆ 44, ಟಿ-ರಿಂಗಿನದು 11. ಅಳೆದು ಜೋಡಿಸಿದವನು ಅವನೇ.

ಅಂಚಿನ ತಾರೆಗಳೂ ದುಂಡಗಾದವು. ಅಂದಿನವರೆಲ್ಲರನ್ನೂ ಅದೇ ತಾರಸಿಗೆ ಕರೆದು, ಅವರೆದುರೇ ನಾವು ಅವನಲ್ಲಿ ಕ್ಷಮೆ ಕೇಳಿದೆವು. ಅವನು ನಾಚಿ ತಲೆತಗ್ಗಿಸಿ, ಇನ್ನು ಮಹಾವ್ಯಾಧನ ನೀಹಾರಿಕೆಯನ್ನು ತೆಗೆಯೋಣವೇ ಎಂದು ಕೇಳಿದ.